ಬೇಸಿಗೆಗೊಂದು ಪಾಚಿ, ಚಳಿಗೊಂದು ಪಾಚಿ

ಮೊನ್ನೆ ಬಾಣಾವರದ ಹತ್ರ ನೆಂಟ್ರ ತೋಟಕ್ಕೆ ಹೋಗಿದ್ದೆ. ಅವ್ರ ಕೃಷಿ ಹೊಂಡದ ನೀರು ಗಿಣಿಹಸಿರಾಗಿತ್ತು, "ಪಾಚಿ ಕಟ್ಬಿಟ್ಟಿದೆ ಕಣಪ್ಪ, ಏನ್ ಔಷಧಿ ಹೊಡೀಲಿ" ಅಂದ್ರು. ಮೊಳಕೈವರೆಗೂ ಕೈ ಇಳಿಸಿ ನೋಡ್ದೆ, ಅಂಗೈ ಮಸುಕಾಗಿ ಕಾಣ್ತಿತ್ತು. ಏನೂ ಹಾಕ್ಬೇಡಿ ಅಂದೆ. ಈ ಪಾಚಿನ ನೀರಿನ ಸಣ್ಣಸಣ್ಣ ಹುಳ ತಿನ್ನುತ್ತೆ, ಆ ಹುಳನ ಕಾಟ್ಲಾ ಮೀನು ತಿನ್ನುತ್ತೆ, ನಾವು ಹೊಂಡಕ್ಕೆ ಸಗಣಿ ಹಾಕೋದೇ ಇದಕ್ಕೆ ತಾನೆ. ಅಂಗೈ ಕಾಣ್ಲೇ ಇಲ್ಲ ಅಂದ್ರೆ ಆಗ ಭಯ, ಬೆಳಗಿನ ಜಾವ ಆಕ್ಸಿಜನ್ ಇಳಿದು ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾವೆ.

ಇದನ್ನ ನಾನು ಕಲ್ತಿದ್ದು ಅರಸೀಕೆರೇಲಿ ಅಲ್ಲ, ಸೌದಿಲಿ. ಕೆಂಪು ಸಮುದ್ರದ ದಂಡೇಲಿ ಮೀನಿನ ಫೀಡ್‌ಗೋಸ್ಕರ ಪಾಚಿ ಬೆಳೆಸೋ ಕೆಲ್ಸದಲ್ಲಿ ಮೂರು ವರ್ಷ ಇದ್ದೆ. ಮರಳುಗಾಡಲ್ಲಿ ಯಾಕೆ ಅಂತ ಎಲ್ರೂ ಕೇಳ್ತಾರೆ. ಬಿಸಿಲು ಬೇಕಾದಷ್ಟು ಇದೆ, ಬೇರೆ ಬೆಳೆ ಬರದ ಜಾಗ ಇದೆ, ಉಪ್ಪುನೀರು ಪಕ್ಕದಲ್ಲೇ ಇದೆ, ಇನ್ನೇನು ಬೇಕು. ಮೀನೆಣ್ಣೇಲಿರೋ ಒಮೆಗಾ-3 ಅನ್ನೋ ಒಳ್ಳೆ ಕೊಬ್ಬನ್ನ ನಿಜವಾಗ್ಲೂ ಮಾಡೋದು ಪಾಚಿನೇ, ಅದು ಸಣ್ಣ ಮೀನಿನ ಹೊಟ್ಟೆ ಸೇರಿ ಆಮೇಲೆ ದೊಡ್ಡ ಮೀನಿಗೆ ಹೋಗುತ್ತೆ. ಈಗ ಫೀಡ್ ಮಾಡೋರಲ್ಲಿ ತುಂಬ ಜನ ಪೆರು ದೇಶದ ಆಂಚೊವಿ ಮೀನು ನಂಬಿಕೊಂಡಿದ್ದಾರೆ, 2023ರಲ್ಲಿ ಎಲ್ ನಿನೋ ಬಂದು ಸಮುದ್ರ ಬಿಸಿಯಾಗಿ ಅಲ್ಲಿ ಮೊದಲ ಸೀಸನ್ನಿನ ಮೀನುಗಾರಿಕೆನೇ ರದ್ದಾಯ್ತು. ಪಾಚಿಯಿಂದ್ಲೇ ನೇರವಾಗಿ ತಗೊಂಡ್ರೆ ಆ ಮೀನಿನ ಗೊಡವೆನೇ ಇರಲ್ಲ.

ಆದ್ರೆ ಬಿಸಿಲಿಗಿಂತ ನಮ್ಮನ್ನ ಜಾಸ್ತಿ ಕಾಡಿದ್ದು ಉಪ್ಪು. ನಮ್ಮ ಪಾಂಡ್‌ಗಳು ಓಟದ ಟ್ರ್ಯಾಕ್ ತರ ಉದ್ದಕ್ಕಿರೋವು, ಆಳ 20 ಸೆಂಟಿಮೀಟರ್ ಅಷ್ಟೇ, ಪ್ಯಾಡಲ್ ವೀಲ್ ತಿರುಗ್ತಾ ನೀರು ಓಡಾಡ್ತಾ ಇರುತ್ತೆ. ಬಿಸಿಗಾಳಿ ಬೀಸಿದ ದಿನ ಒಂದು ಸೆಂಟಿಮೀಟರ್ ಆವಿಯಾಗೋದು. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಕೆಂಪು ಸಮುದ್ರದ ನೀರಲ್ಲಿ ಲೀಟರಿಗೆ 40 ಗ್ರಾಂ ಉಪ್ಪು, ಕಮ್ಮಿಯಾದಷ್ಟಕ್ಕೆ ಅದನ್ನೇ ಮತ್ತೆ ತುಂಬಿಸಿದ್ರೆ ಮಾರನೇ ದಿನ 42, ಹತ್ತು ದಿನಕ್ಕೆ 60. ಸಿಹಿನೀರು ತುಂಬಿಸೋಣ ಅಂದ್ರೆ ಆ ಊರಲ್ಲಿ ಸಿಹಿನೀರೂ ಸಮುದ್ರದಿಂದ ಉಪ್ಪು ತೆಗೆದು ಬಂದಿರೋದು, ಅದನ್ನ ಪಾಚಿಗೆ ಸುರಿಯೋಕೆ ಕೈ ಬರಲ್ಲ. ನಾನು ದಿನಾ ಬೆಳಿಗ್ಗೆ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡ್ತಿದ್ದೆ, ನೀಲಿ ಗೆರೆ ಎಲ್ಲಿ ನಿಂತಿದೆ ಅನ್ನೋದರ ಮೇಲೇ ನನ್ನ ಆ ದಿನ ಹೇಗಿರುತ್ತೆ ಅಂತ ಗೊತ್ತಾಗ್ತಿತ್ತು.

ನಾವು ಹಾಕಿದ್ದು ನ್ಯಾನೋಕ್ಲೊರೋಪ್ಸಿಸ್ ಅನ್ನೋ ಪಾಚಿ, ಇಪಿಎ ಅನ್ನೋ ಒಮೆಗಾ-3ಗೆ ಹೆಸರುವಾಸಿ. ಅದಕ್ಕೆ 25 ಡಿಗ್ರಿ ಆಸುಪಾಸು ಹಿತ. ಮೊದಲ ಆಗಸ್ಟ್‌ನಲ್ಲಿ ನೀರು 38 ದಾಟ್ತು, ರಾತ್ರಿನೂ ಬಿಸಿ ಇಳೀಲಿಲ್ಲ, ಹಗಲು ಗಳಿಸಿದ್ದನ್ನ ರಾತ್ರಿ ಉಸಿರಾಡೋದರಲ್ಲೇ ಕಳ್ಕೊಂಡ್ವು. ಮೂರನೇ ದಿನ ಹಸಿರು ಹೋಗಿ ಹಳದಿಗೆ ತಿರುಗ್ತು, ಅಂಚಲ್ಲೆಲ್ಲ ಕಂದು ನೊರೆ, ಕೊಳೆತ ಎಲೆಕೋಸಿನ ವಾಸನೆ. ಆರು ಪಾಂಡ್ ಖಾಲಿ ಮಾಡಿ ಬ್ರಷ್ ಹಿಡಿದು ಉಜ್ಜಿದ್ವಿ. ಮೇಲಿನವ್ರು ನೆರಳು ಬಲೆ ಹಾಕೋಣ, ನೀರು ತಣ್ಣಗೆ ಮಾಡೋ ಚಿಲ್ಲರ್ ತರಿಸೋಣ ಅಂತ ಲೆಕ್ಕ ಹಾಕ್ತಿದ್ರು. ನಂಗೆ ಮಾತ್ರ ನಮ್ಮಪ್ಪನ ಹೊಲ ನೆನಪಾಗೋದು, ಮುಂಗಾರಿಗೆ ರಾಗಿ, ಹಿಂಗಾರಿಗೆ ಹುರುಳಿ, ಹೊಲಕ್ಕೆ ಯಾರೂ ಎಸಿ ಹಾಕ್ಸಲ್ಲ, ಕಾಲ ನೋಡಿ ಬೀಜ ಬದಲಾಯಿಸ್ತಾರೆ.

ಎರಡನೇ ವರ್ಷ ಹಂಗೇ ಮಾಡಿದ್ವಿ. ಚಳಿಗಾಲಕ್ಕೆ ನ್ಯಾನೋಕ್ಲೊರೋಪ್ಸಿಸ್, ಬೇಸಿಗೆಗೆ ಬಿಸಿ ಉಪ್ಪು ಎರಡೂ ತಡ್ಕೊಳ್ಳೋ ಪಿಕೊಕ್ಲೋರಮ್ ಅನ್ನೋ ಪಾಚಿ. ಇದರಲ್ಲಿ ಒಂದು ನಷ್ಟ ಇದೆ, ಬೇಸಿಗೆ ಪಾಚಿಲಿ ಪ್ರೋಟೀನ್ ಸಿಗುತ್ತೆ, ಇಪಿಎ ಸಿಗಲ್ಲ, ಹಂಗಾಗಿ ವರ್ಷಕ್ಕಾಗೋಷ್ಟು ಒಮೆಗಾ ಚಳಿಗಾಲದಲ್ಲೇ ಕೂಡಿಸಿಟ್ಕೋಬೇಕು. ಆದ್ರೂ ಪಾಂಡ್ ಸಾಯ್ಲಿಲ್ಲ, ನಂಗೆ ಅದೇ ದೊಡ್ಡದು. ಅಮೆರಿಕದ ಅರಿಜೋನಾ ಮರುಭೂಮಿಲೂ ಸೀಸನ್ ಪ್ರಕಾರ ಪಾಚಿ ಬದಲಾಯಿಸಿ ನೋಡಿದ್ದಾರೆ ಅಂತ ಆಮೇಲೆ ಓದಿ ತುಂಬ ಖುಷಿಯಾಯ್ತು.

ಈಗ ಮನೆ ಹಿಂದೆ ಟಾರ್ಪಾಲಿನ್ ತೊಟ್ಟಿ ಮಾಡ್ಕೊಂಡು ಸ್ಪಿರುಲಿನಾ ಹಾಕಿದೀನಿ. ಅದಕ್ಕೆ 35 ಡಿಗ್ರಿ ಅಂದ್ರೆ ಇಷ್ಟ, ಅಡಿಗೆ ಸೋಡಾ ಹಾಕಿದ ನೀರಲ್ಲಿ ಬೆಳೆಯೋದ್ರಿಂದ ಬೇರೆ ಪಾಚಿ ಅಷ್ಟು ಸುಲಭಕ್ಕೆ ಒಳಗೆ ಬರಲ್ಲ. ಅದರಲ್ಲೂ ಇಪಿಎ ಇಲ್ಲ ನಿಜ, ಆದ್ರೆ ಕಾಟ್ಲಾ ರೋಹುಗೆ ಸಮುದ್ರದ ಮೀನಿಗೆ ಬೇಕಾದಷ್ಟು ಅದು ಬೇಕಾಗಿಲ್ಲ, ಪ್ರೋಟೀನೇ ಮುಖ್ಯ. ಈ ಏಪ್ರಿಲ್‌ನಲ್ಲಿ ಮಧ್ಯಾಹ್ನ ತೊಟ್ಟಿ ನೀರು 36 ತೋರಿಸ್ತಿದೆ. ಬೆಳಿಗ್ಗೆ ಪಂಚೆ ಬಟ್ಟೇಲಿ ಸೋಸಿದ್ರೆ ಒಂದು ಹಿಡಿ ಗಟ್ಟಿ ಹಸಿರು ಉಳಿಯುತ್ತೆ, ಅದನ್ನ ತೌಡು ಕಡ್ಲೆಕಾಯಿ ಹಿಂಡಿ ಜೊತೆ ಕಲಸಿ ಉಂಡೆ ಮಾಡಿ ಮೀನಿನ ಮರಿಗಳಿಗೆ ಹಾಕ್ತಿದೀನಿ. ನವೆಂಬರ್ ಚಳಿ ಶುರುವಾದ್ರೆ ಸ್ಪಿರುಲಿನಾ ಬೆಳೆಯೋದು ತುಂಬ ನಿಧಾನ ಆಗುತ್ತೆ, ಆಗ ತೊಟ್ಟಿಗೆ ಏನು ಬಿಡೋದು ಅಂತ ಈಗ್ಲಿಂದ್ಲೇ ಹುಡುಕ್ತಿದೀನಿ, ಹೇಮಾವತಿ ಕಾಲುವೆ ನೀರಿಂದ ಎರಡು ಬಾಟ್ಲು ತಂದು ಕಿಟಕಿ ಹತ್ರ ಇಟ್ಟಿದೀನಿ, ಒಂದರಲ್ಲಿ ತಳದಲ್ಲಿ ಹಸಿರು ಕಾಣಿಸ್ಕೊಂಡಿದೆ.