ಟ್ರಾನೆಂಟ್‌ನಿಂದ ಕಾಕೆನ್ಜಿಗೆ: ಕಲ್ಲಿದ್ದಲು ಇಳಿದ ದಾರಿಯಲ್ಲಿ ನಡೆಯುವವರಿಗೆ

ಎಡಿನ್‌ಬರೋಗೆ ಹೋದಾಗ ಅರ್ಧ ದಿನ ಬಿಡುವಿದ್ದರೆ ಟ್ರಾನೆಂಟ್ ಊರಿಗೆ ಹೋಗಿ ಬನ್ನಿ. ಸ್ಕಾಟ್‌ಲೆಂಡಿನ ಮೊದಲ ರೈಲು ದಾರಿ ಇದ್ದದ್ದು ಇಲ್ಲೇ. ಇಲ್ಲಿನ ಗಣಿಯ ಕಲ್ಲಿದ್ದಲನ್ನು ಕೆಳಗಿನ ಕಾಕೆನ್ಜಿ ಬಂದರಿಗೆ ಸಾಗಿಸಲು 1722ರಲ್ಲಿ ಹಾಕಿದ್ದು. ಆಗ ಉಗಿಬಂಡಿ ಇನ್ನೂ ಹುಟ್ಟಿರಲಿಲ್ಲ, ಹಳಿಗಳೂ ಮರದ್ದೇ. ಉದ್ದ ಸುಮಾರು ನಾಲ್ಕು ಕಿಲೋಮೀಟರ್ ಅಷ್ಟೆ.

ನನ್ನ ಮುಖ್ಯ ಸಲಹೆ ಒಂದೇ: ಮೇಲಿನಿಂದ ಕೆಳಕ್ಕೆ ನಡೆಯಿರಿ. ಹೆಚ್ಚಿನವರು ರೈಲಿನಲ್ಲಿ ಪ್ರೆಸ್ಟನ್‌ಪ್ಯಾನ್ಸ್‌ಗೆ ಬಂದು ಸಮುದ್ರದ ಕಡೆಯಿಂದ ಶುರು ಮಾಡುತ್ತಾರೆ. ಅದರ ಬದಲು ಬಸ್ಸಿನಲ್ಲಿ ಟ್ರಾನೆಂಟ್‌ಗೇ ಹೋಗಿ. ಏಕೆಂದರೆ ಈ ರೈಲಿಗೆ ಇಳಿಜಾರೇ ಎಂಜಿನ್. ಗಣಿಯಲ್ಲಿ ತುಂಬಿದ ಬಂಡಿ ತನ್ನ ಭಾರಕ್ಕೇ ಬಂದರಿನ ಕಡೆ ಉರುಳುತ್ತಿತ್ತು. ಬ್ರೇಕ್ ಹಿಡಿಯಲು ಒಬ್ಬ ಆಳು ಸಾಕು. ಖಾಲಿ ಬಂಡಿಯನ್ನು ಕುದುರೆ ಮೇಲಕ್ಕೆ ಎಳೆಯುತ್ತಿತ್ತು. ಇಳಿಯುತ್ತಾ ನಡೆದರೆ ಇದೆಲ್ಲ ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಹಳೆಯ ಚರ್ಚಿನ ಹತ್ತಿರ ಕಾಲುದಾರಿ ಸಿಗುತ್ತದೆ. ಆ ಚರ್ಚಿನ ಅಂಗಳದಲ್ಲಿ ಕರ್ನಲ್ ಗಾರ್ಡಿನರ್ ಅವರನ್ನು ಮಣ್ಣು ಮಾಡಿದ್ದಾರೆ. 1745ರ ಪ್ರೆಸ್ಟನ್‌ಪ್ಯಾನ್ಸ್ ಯುದ್ಧದಲ್ಲಿ ಸತ್ತವರು ಅವರು. ಸ್ವಲ್ಪ ಕೆಳಗೆ ಬಂದರೆ ಆ ರಣರಂಗವೇ. ಸರ್ಕಾರದ ಪರ ಜನರಲ್ ಕೋಪ್ ಅವರ ಸೈನ್ಯ ಈ ಬಂಡಿದಾರಿಯ ಹತ್ತಿರ ಬೀಡುಬಿಟ್ಟಿತ್ತು. ಸೆಪ್ಟೆಂಬರ್ 21ರ ಮುಂಜಾವಿನಲ್ಲಿ ಸ್ಟುವರ್ಟ್ ಮನೆತನಕ್ಕೆ ಬ್ರಿಟನ್ನಿನ ಸಿಂಹಾಸನ ಮರಳಿ ಪಡೆಯಲು ದಂಗೆ ಎದ್ದಿದ್ದ ರಾಜಕುಮಾರ ಚಾರ್ಲ್ಸ್‌ನ ಹೈಲ್ಯಾಂಡ್ (ಉತ್ತರದ ಗುಡ್ಡನಾಡು) ಪಡೆ ಜವುಗು ನೆಲ ದಾಟಿ ಬಂದು ಕೆಲವೇ ನಿಮಿಷಗಳಲ್ಲಿ ಅದನ್ನು ಸೋಲಿಸಿತು. ಈ ರೈಲು ಹುಟ್ಟಿದ್ದಕ್ಕೂ ಒಂದು ದಂಗೆಯೇ ಕಾರಣ, ಗೊತ್ತಾ? ಅದೇ ಮನೆತನದ ಪರ ನಡೆದ 1715ರ ದಂಗೆಗೆ ಸೇರಿದ, ಇಲ್ಲಿನ ಜಮೀನುದಾರ ವಿಂಟನ್ ಅರ್ಲ್‌ನ ಜಮೀನನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅದನ್ನು ಕೊಂಡ ಯಾರ್ಕ್ ಬಿಲ್ಡಿಂಗ್ಸ್ ಕಂಪನಿ ಈ ಹಳಿ ಹಾಕಿಸಿತು. ಎರಡು ದಂಗೆಗಳ ಕಥೆ ಇಷ್ಟು ಚಿಕ್ಕ ದಾರಿಯಲ್ಲಿ ಕೂಡುವುದು ನನಗೆ ಬಹಳ ಇಷ್ಟವಾದ ಸಂಗತಿ.

ಮೆಡೋಮಿಲ್‌ನಲ್ಲಿ ಗಣಿ ಕಸ ಪೇರಿಸಿ ಮಾಡಿದ ಗುಡ್ಡ ಇದೆ. ಹತ್ತಲೇಬೇಕು. ಒಂದು ಕಡೆ ಟ್ರಾನೆಂಟ್, ಇನ್ನೊಂದು ಕಡೆ ಫೋರ್ತ್ ಕೊಲ್ಲಿ, ಅದರಾಚೆ ಫೈಫ್ ಸೀಮೆ. ಮೇಲೆ ಗಾಳಿ ಜೋರು, ಬೇಸಿಗೆಯಲ್ಲೂ ಜಾಕೆಟ್ ಇರಲಿ.

ಕಾಕೆನ್ಜಿ ಬಂದರಿನಲ್ಲಿ ಸಮಯ ಜಾಸ್ತಿ ಇಟ್ಟುಕೊಳ್ಳಿ. ಈಗಿನ ಬಂದರು 1833ರದ್ದು, ದೀಪಸ್ತಂಭಗಳಿಗೆ ಹೆಸರಾದ ರಾಬರ್ಟ್ ಸ್ಟೀವನ್‌ಸನ್ ಅವರ ಕೆಲಸ. ಇಳಿದ ಕಲ್ಲಿದ್ದಲೆಲ್ಲ ಹಡಗಿಗೆ ಹೋಗುತ್ತಿರಲಿಲ್ಲ, ಒಂದಷ್ಟು ಇಲ್ಲೇ ಉರಿಯುತ್ತಿತ್ತು. ಈ ನಾಡಿನ ಬಿಸಿಲು ಉಪ್ಪು ಒಣಗಿಸಲು ಸಾಲದು. ಹಾಗಾಗಿ ದೊಡ್ಡ ಕಬ್ಬಿಣದ ಬಾಣಲೆಗಳಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಈಚೆಗೆ ಇಲ್ಲಿ ಅಗೆದಾಗ ಮೊದಲಿನ ಮರದ ಹಳಿಯ ಕುರುಹು ಸಿಕ್ಕಿದೆ. ಕಬ್ಬಿಣದ ಹಳಿ ಬಂದದ್ದು 1815ರಲ್ಲಿ. 1846ರಲ್ಲಿ ದೊಡ್ಡ ರೈಲು ಮಾರ್ಗ ಈ ಕಡೆ ಹಾದುಹೋದ ಮೇಲೆ ಇದರ ಕೆಲಸ ಕಡಿಮೆಯಾಗುತ್ತಾ ಹೋಯಿತು.

ಬಂದರಿನ ಪಕ್ಕದಲ್ಲೇ ಬಂಡಿದಾರಿಯ ಪುಟ್ಟ ಮ್ಯೂಸಿಯಂ ಇದೆ. ಸ್ಥಳೀಯರೇ ಸೇರಿ ಪ್ರೀತಿಯಿಂದ ನಡೆಸುತ್ತಾರೆ, ದಿನಾ ತೆರೆದಿರುವುದಿಲ್ಲ. ಯಾವಾಗ ತೆರೆದಿರುತ್ತದೆ ಎಂದು ಮೊದಲೇ ನೋಡಿ ದಿನ ಗೊತ್ತು ಮಾಡಿಕೊಳ್ಳಿ. ವಾಪಸ್ಸಿಗೆ ದಂಡೆ ಹಿಡಿದು ಪ್ರೆಸ್ಟನ್‌ಪ್ಯಾನ್ಸ್‌ಗೆ ನಡೆಯಬಹುದು. ಸ್ಟೇಷನ್ ದಂಡೆಯಿಂದ ಸ್ವಲ್ಪ ಒಳಗಿದೆ, ಆ ನಡಿಗೆಗೂ ಸಮಯ ಸೇರಿಸಿಕೊಳ್ಳಿ. ಅಲ್ಲಿಂದ ಎಡಿನ್‌ಬರೋಗೆ ಸುಮಾರು ಕಾಲು ಗಂಟೆ.