ಔಷಧಿ ಹೊಡೆದ ಮೇಲೆ ಎಷ್ಟು ಹೊತ್ತು?

ಕೃಷಿ ಕೂಲಿಗಳನ್ನು ಸಂಘಟಿಸುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಚೀಲದ ತುಂಬ ಕರಪತ್ರ, ಬಾಯಿ ತುಂಬ ಭಾಷಣ. ಬೀಜ ಯಾರ ಕೈಯಲ್ಲಿದೆ, ನೆಲ ಯಾರ ಪಾಲಾಗುತ್ತಿದೆ, ಹೀಗೆ. ಹೇಳಿದ್ದೆಲ್ಲ ನಿಜವೇ. ಆದರೆ ಇಡೀ ದಿನ ಬಗ್ಗಿ ದುಡಿದು ಬಂದವರು ಆಕಳಿಸುತ್ತಾ ಕೂತಿರುತ್ತಿದ್ದರು.

ಒಂದು ಸಂಜೆ ಹಿರಿಯ ಹೆಂಗಸೊಬ್ಬರು ಕೇಳಿದರು: "ಔಷಧಿ ಹೊಡೆದು ಎಷ್ಟು ಹೊತ್ತಾದ ಮೇಲೆ ನಾವು ಒಳಗೆ ಇಳೀಬಹುದು?"

ನನಗೆ ಗೊತ್ತಿರಲಿಲ್ಲ. "ತಿಳ್ಕೊಂಡು ಬರ್ತೀನಮ್ಮ" ಅಂದೆ.

ಖಾಲಿ ಡಬ್ಬದ ಮೇಲಿನ ಚೀಟಿ ಓದಿದೆ. ಕೆಲವು ವಿಷಕ್ಕೆ ಗಂಟೆಗಳ ಲೆಕ್ಕ, ಕೆಲವಕ್ಕೆ ದಿನಗಳದ್ದು. ಎಲೆ ಮೇಲಿನ ಔಷಧಿ ಆರಿದರೆ ಸಾಕು ಅನ್ನುತ್ತಿದ್ದ ಮೇಸ್ತ್ರಿ. ಆರಿದ ಮೇಲೂ ವಿಷ ಎಲೆಯಿಂದ ಚರ್ಮದ ಮೂಲಕ ಮೈಗೆ ಇಳಿಯಬಹುದು. ಮುಂದಿನ ಸಲ ಭಾಷಣ ಬಿಟ್ಟು ಆ ಚೀಟಿಯನ್ನೇ ಓದಿ ಹೇಳಿದೆ. ಅವತ್ತು ಯಾರೂ ಆಕಳಿಸಲಿಲ್ಲ. ಯಾವ ದಿನ, ಯಾವ ತಾಕಿಗೆ ಹೊಡೆದರು, ಯಾರಿಗೆ ತಲೆನೋವು, ಯಾರಿಗೆ ವಾಂತಿ ಅಂತ ಅವರೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು.

ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಆ ಪುಸ್ತಕ ಹಿಡಿದು ಒಬ್ಬನೇ ಮ್ಯಾನೇಜರ್ ಹತ್ತಿರ ಹೋದೆ. ಜಾಣತನ ಅಂದುಕೊಂಡಿದ್ದೆ! ಮರುದಿನ ಆ ಅಮ್ಮನಿಗೆ ಕೆಲಸ ಇಲ್ಲ ಅಂದರು. ಅಪಾಯ ಕಂಡರೆ ಕೆಲಸದಿಂದ ಹಿಂದೆ ಸರಿಯಬಹುದು, ಅದಕ್ಕೆ ಶಿಕ್ಷೆ ಕೂಡದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2001ರ ಒಪ್ಪಂದ ಹೇಳುತ್ತದೆ. ಅದನ್ನು ಮೇಸ್ತ್ರಿಗೆ ಓದಿ ಹೇಳಿದರೆ ಏನಾಗುತ್ತೆ, ಗೊತ್ತಲ್ವಾ?

ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ 1965ರಲ್ಲಿ ದ್ರಾಕ್ಷಿ ಕೀಳುವ ಫಿಲಿಪಿನೊ ಕೂಲಿಗಳು ಮುಷ್ಕರ ಹೂಡಿದರು. ಅಲ್ಲಿಯವರೆಗೆ ಒಂದು ಗುಂಪು ಕೆಲಸ ನಿಲ್ಲಿಸಿದರೆ ಮಾಲೀಕರು ಇನ್ನೊಂದನ್ನು ಕರೆತಂದು ಕೆಲಸ ಮುಗಿಸುತ್ತಿದ್ದರು. ಈ ಸಲ ಸುಮಾರು ಒಂದು ವಾರದಲ್ಲಿ ಮೆಕ್ಸಿಕನ್ ಕೂಲಿಗಳೂ ಜೊತೆಗೆ ನಿಂತರು. 5 ವರ್ಷ ಹಿಡಿಯಿತು. 1970ರ ಒಪ್ಪಂದದಲ್ಲಿ ಡಿಡಿಟಿ ಹೊಡೆಯಬಾರದು ಅಂತ ಬರೆಸಿದರು. ಅಮೆರಿಕ ಸರ್ಕಾರ ಅದನ್ನು ನಿಷೇಧಿಸಿದ್ದು 1972ರಲ್ಲಿ. ಈ ಕಥೆಯನ್ನು ಎಷ್ಟೋ ಸಲ ಭಾಷಣದಲ್ಲಿ ಹೇಳಿದ್ದೆ. ಹೋಗುವಾಗ ಮಾತ್ರ ಒಬ್ಬನೇ ಹೋಗಿದ್ದೆ.

ಎರಡನೇ ಸಲ ಇಡೀ ಗುಂಪು ಹೋಯಿತು. ನಾನು ಹಿಂದೆ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮಾತಾಡಿದ್ದು ಅವರೇ, ಒಬ್ಬರಾದ ಮೇಲೆ ಒಬ್ಬರು. ಆ ಅಮ್ಮ ಕೆಲಸಕ್ಕೆ ವಾಪಸ್ ಬಂದರು. ಔಷಧಿ ಹೊಡೆದ ದಿನ ಬರೆಯಲು ಗೇಟಿನ ಹತ್ತಿರ ಒಂದು ಹಲಗೆಯೂ ಬಂತು. ಮೇಸ್ತ್ರಿ ಅದರಲ್ಲಿ ಬರೆಯುವುದನ್ನು ಆಗಾಗ ಮರೆಯುತ್ತಾನೆ. ಅಂಥ ದಿನ ಅವರು ಗೇಟಿನ ಹೊರಗೇ ಕೂತಿರುತ್ತಾರೆ, ಅವನು ಬಂದು ಬರೆಯುವವರೆಗೆ.