ದಪ್ಪವಲ್ಲ, ದೊಡ್ಡದು

ನಮ್ಮ ಮೇಯ್ನ್ ಕೂನ್ ಬೆಕ್ಕನ್ನು ನೋಡಿದವರೆಲ್ಲ "ಎಷ್ಟು ದಪ್ಪಗಿದ್ದಾನೆ!" ಎನ್ನುತ್ತಾರೆ. ದಪ್ಪವಲ್ಲ, ದೊಡ್ಡ ಮೈಕಟ್ಟು. ಈ ತಳಿಯ ಗಂಡು 8 ಕಿಲೋ ತೂಗಿದರೂ ಆಶ್ಚರ್ಯವಿಲ್ಲ. ಪೂರ್ತಿ ಬೆಳೆಯಲು 3ರಿಂದ 5 ವರ್ಷ ಹಿಡಿಯುತ್ತದೆ. ಹಾಗಾಗಿ ನಾನು ತಕ್ಕಡಿಗಿಂತ ಬೆರಳನ್ನೇ ಹೆಚ್ಚು ನಂಬುತ್ತೇನೆ. ದಟ್ಟ ರೋಮದೊಳಗೆ ಕೈ ತೂರಿಸಿ ಪಕ್ಕೆ ಸವರಿದಾಗ ಎಲುಬುಗಳು ಹೆಚ್ಚು ಒತ್ತದೆಯೇ ಸಿಗಬೇಕು. ಸೊಂಟದ ಕೀಲು ಈ ತಳಿಯಲ್ಲಿ ಮೊದಲೇ ಸೂಕ್ಷ್ಮ, ಬೊಜ್ಜು ಬಂದರೆ ಭಾರ ಬೀಳುವುದು ಅಲ್ಲಿಗೇ.

ಬೆಕ್ಕು ಹುಟ್ಟಾ ಮಾಂಸಾಹಾರಿ. ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಅದರ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಆಹಾರದಿಂದಲೇ ಬರಬೇಕು. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂದು ವಿಜ್ಞಾನಿಗಳು ತೋರಿಸಿಕೊಟ್ಟದ್ದು 1987ರಲ್ಲಿ. ಅದಕ್ಕೂ ಮೊದಲು ಎಷ್ಟು ಬೆಕ್ಕುಗಳು ಹೊಟ್ಟೆ ತುಂಬ ತಿಂದೂ ಸತ್ತವೋ ಎಂದು ನೆನೆದರೆ ಸಂಕಟವಾಗುತ್ತದೆ.

ಮೇಯ್ನ್ ಕೂನ್‌ಗಳಲ್ಲಿ ವಂಶವಾಹಿಯಿಂದ ಬರುವ ಇನ್ನೊಂದು ಕಾಯಿಲೆಯಿದೆ: ಹೃದಯದ ಸ್ನಾಯು ದಪ್ಪವಾಗುತ್ತಾ ಹೋಗುವುದು. ಅದನ್ನು ಊಟದಿಂದ ತಡೆಯಲಾಗದು, ಎಕೋ ಸ್ಕ್ಯಾನ್‌ನಲ್ಲಿ ಬೇಗ ಗುರುತಿಸಬಹುದು ಅಷ್ಟೇ. ಈ ವಾರ ಅವನಿಗೆ ಮತ್ತೆ ಸ್ಕ್ಯಾನ್ ಇದೆ. ವೈದ್ಯರು "ಚೆನ್ನಾಗಿದೆ" ಎನ್ನುವವರೆಗೂ ನನಗೆ ಸಮಾಧಾನವಿಲ್ಲ.